ಟ್ರಾಲ್ ಬೋಟಿಗೆ ಕಕ್ಕಸು ಕಟ್ಟಿದ್ದು

ಇವತ್ತಿನ ಆಳಸಮುದ್ರ ಟ್ರಾಲ್ ಬೋಟಿನಲ್ಲಿ, ಅಂದರೆ ನೀರಿನೊಳಗೆ ಬಲೆ ಎಳೆಯುತ್ತ ಮೀನು ಹಿಡಿಯುವ ಬೋಟಿನಲ್ಲಿ, ಜಿಪಿಎಸ್ ಇದೆ, ಫಿಶ್ ಫೈಂಡರ್ ಇದೆ, ವಯರ್‌ಲೆಸ್ ಇದೆ. ಟನ್‌ಗಟ್ಟಲೆ ಐಸ್ ತುಂಬುವ ಸ್ಟೋರೇಜ್, ಹತ್ತು ದಿನಕ್ಕೆ ಸಾಕಾಗುವಷ್ಟು ಅಕ್ಕಿ, ತೆಂಗಿನಕಾಯಿ, ಗ್ಯಾಸ್ ಸಿಲಿಂಡರ್ ಎಲ್ಲವೂ ಇವೆ. ಹೆಚ್ಚಿನವುಗಳಲ್ಲಿ ಕಕ್ಕಸು ಮಾತ್ರ ಇಲ್ಲ. ಹೆಸರಿಗೆ ಒಂದು ಗೂಡು ಕಟ್ಟಿಕೊಂಡಿರುವ ಬೋಟುಗಳಲ್ಲೂ ಅದರೊಳಗೆ ಹಳೆ ಹಗ್ಗ, ಫ್ಲೋಟ್‌ಗಳೇ ತುಂಬಿರುತ್ತವೆ. ಎರಡಕ್ಕೆ ಹೋಗಬೇಕಾದವನು ಬೋಟಿನ ಹಿಂಬದಿಗೆ ನಡೆದು, ಅಂಚಿನ ಆಚೆ ಕುಕ್ಕರಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಕೈಯಿಂದ ಕೆಲಸ ಮುಗಿಸುತ್ತಾನೆ. ಹಗಲು ಹೊತ್ತಿನಲ್ಲಿ ನಾಚಿಕೆಯ ಪ್ರಶ್ನೆ ಅಷ್ಟೇ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬನೇ ಎದ್ದು ಹೋಗಿ ಕಾಲು ಜಾರಿದರೆ ಎಂಜಿನ್ ಸದ್ದಿನಲ್ಲಿ ಕೂಗು ಯಾರಿಗೂ ಕೇಳುವುದಿಲ್ಲ. ಮುಂದಿನ ಬಲೆ ಎಳೆಯುವ ಹೊತ್ತಿಗೆ ಜನ ಎಣಿಸಿದಾಗಲೇ ಒಬ್ಬ ಕಡಿಮೆ ಎಂದು ಗೊತ್ತಾಗುವುದು.

ಇನ್ನೊಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ಹೋಗುವ ರಗಳೆ ಬೇಡವೆಂದು ಹುಡುಗರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಿನಲ್ಲಿ ಮೀನು ಆರಿಸುವ ಕೆಲಸ, ಮೈಯೆಲ್ಲ ಉಪ್ಪು, ಕುಡಿಯುವುದು ಎರಡು ಲೋಟ ಚಹಾ. ದಡಕ್ಕೆ ಬಂದ ಮೇಲೆ ಉರಿಮೂತ್ರಕ್ಕೆ ಎಳನೀರು ಹುಡುಕುತ್ತಾರೆ.

ನಮ್ಮದು ಉಕ್ಕಿನ ಬೋಟು, ಸುಮಾರು 20 ಮೀಟರ್ ಉದ್ದ, ಮಲ್ಪೆಯಿಂದ ಹೊರಡುವಂಥದ್ದು. ಬೋಟು ನಡೆಸುವ ತಾಂಡೇಲರೂ ಸೇರಿ ಒಂಬತ್ತು ಜನ. ಕಲಾಸಿಗಳಲ್ಲಿ, ಅಂದರೆ ಬೋಟಿನ ಕೆಲಸಗಾರರಲ್ಲಿ, ಕೆಲವರು ಹೊನ್ನಾವರ, ಕುಮಟಾ ಕಡೆಯವರು, ಉಳಿದವರು ಒಡಿಶಾ, ಆಂಧ್ರದವರು. ಬೋಟಿನಲ್ಲಿ ನನ್ನದೂ ಒಂದು ಪಾಲಿದೆ, ವೆಲ್ಡಿಂಗ್ ನನ್ನ ಹೊಟ್ಟೆಪಾಡು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟನ್ನು ಮೇಲೆಳೆದು ತಳ ಕೆರೆಯುವುದು, ಬಣ್ಣ ಹಚ್ಚುವುದು, ತುಕ್ಕು ಹಿಡಿದ ಪ್ಲೇಟು ಬದಲಿಸುವುದು ಹೇಗೂ ಇದ್ದೇ ಇರುತ್ತದೆ. ಈ ಸಲ ಆ ಪಟ್ಟಿಗೆ ಕಕ್ಕಸನ್ನೂ ಸೇರಿಸಿದೆವು. ಪಟ್ಟುಹಿಡಿದವರು ತಾಂಡೇಲರು. "ಹುಡುಗರು ರಾತ್ರಿ ಹಿಂದೆ ಹೋದರೆ ವಾಪಸ್ ಬಂದ ಸದ್ದು ಕೇಳುವವರೆಗೆ ನನಗೆ ಕಣ್ಣು ಮುಚ್ಚಲಾಗುವುದಿಲ್ಲ ಮಾರಾಯ" ಎಂದರು. ಆ ಮಾತಿನ ಮೇಲೆ ಖರ್ಚಿನ ಚರ್ಚೆ ಬೆಳೆಯಲಿಲ್ಲ.

ಯಾವುದನ್ನು ಬೇಡವೆಂದು ಬಿಟ್ಟೆವು

ವಿಹಾರ ದೋಣಿಗಳಿಗೆಂದು ಸಿಗುವ, ಕೈಯಿಂದ ಪಂಪ್ ಮಾಡುವ ಕಮೋಡನ್ನು ಮೊದಲೇ ಕೈಬಿಟ್ಟೆ. ನೀರು ಒಳಗೆಳೆಯಲು ಒಂದು, ಹೊರಹಾಕಲು ಒಂದು ಎಂದು ಅದಕ್ಕೆ ಸಾಮಾನ್ಯವಾಗಿ ನೀರಿನ ಮಟ್ಟದ ಕೆಳಗೆ ಬೋಟಿನ ಮೈಗೆ ತೂತು ಬೇಕು. ಆ ತೂತುಗಳ ವಾಲ್ವ್ ಅಥವಾ ಹೋಸ್ ಕೈಕೊಟ್ಟರೆ ಸಮುದ್ರ ಒಳಗೆ ಬರುತ್ತದೆ. ಒಳಗಿರುವ ರಬ್ಬರ್ ವಾಲ್ವ್‌ಗಳು ಒಂದು ಗುಟ್ಕಾ ಚೀಟಿಗೆ ಕಟ್ಟಿಕೊಳ್ಳುತ್ತವೆ. ಅದನ್ನು ಬಿಚ್ಚಿ ರಿಪೇರಿ ಮಾಡುವವನು ಯಾರು? ಅಲ್ಲದೆ ನಮ್ಮವರಿಗೆ ಕುಕ್ಕರಗಾಲಲ್ಲಿ ಕುಳಿತೇ ಅಭ್ಯಾಸ.

ಎರಡನೆಯದು ಬಯೋ ಟಾಯ್ಲೆಟ್. ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂದಾಗ ಯಾಂತ್ರಿಕ ಬೋಟುಗಳಿಗೆ ಬಯೋ ಟಾಯ್ಲೆಟ್ ಅಳವಡಿಸುವುದಕ್ಕೂ ಅದರಲ್ಲಿ ಜಾಗವಿತ್ತು. ಘಟಕ ವೆಚ್ಚ 50,000 ರೂಪಾಯಿ, ಸಾಮಾನ್ಯ ವರ್ಗದವರಿಗೆ ಶೇ 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ 60 ಸಹಾಯಧನ. ರೈಲು ಬೋಗಿಗಳ ಅಡಿಯಲ್ಲಿ ನೇತಾಡುವ ಟ್ಯಾಂಕಿನ ತತ್ವವೇ ಇಲ್ಲಿಯೂ: ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಮಲವನ್ನು ಕರಗಿಸಿ ನೀರು ಮತ್ತು ಅನಿಲವಾಗಿ ಮಾಡುತ್ತವೆ. ತತ್ವ ಒಳ್ಳೆಯದು. ನನ್ನ ತಕರಾರು ನೀರಿನದು. ನಾವು ತೊಳೆಯುವುದು ಸಮುದ್ರದ ನೀರಿನಿಂದ, ಒಂದು ಲೀಟರಿಗೆ 35 ಗ್ರಾಂ ಉಪ್ಪಿರುವ ನೀರು. ಸಿಹಿನೀರಿಗೆ ಒಗ್ಗಿದ ಬ್ಯಾಕ್ಟೀರಿಯಾಗಳಿಗೆ ಅದು ಹಿಡಿಸುವುದಿಲ್ಲ. ಜೊತೆಗೆ ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿದೆ. ಗಾಳಿಯಾಡದ ಟ್ಯಾಂಕಿನಲ್ಲಿ ಅದೇ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಸಿಹಿನೀರು ಬಳಸೋಣವೆಂದರೆ ಒಂಬತ್ತು ಜನಕ್ಕೆ ದಿನಕ್ಕೆ 45 ಲೀಟರಾದರೂ ಬೇಕು, ಹತ್ತು ದಿನಕ್ಕೆ 450 ಲೀಟರ್. ಕುಡಿಯುವ, ಅಡುಗೆ ಮಾಡುವ ನೀರನ್ನು ಹಾಗೆ ಸುರಿಯಲು ಅಡುಗೆಯವನು ಬಿಡುವುದಿಲ್ಲ. ಸಂಜೆ ಹೋಗಿ ಬೆಳಗ್ಗೆ ಬರುವ ಬೋಟಿಗೆ ಅದು ಹೊಂದಬಹುದು, ನಮಗಲ್ಲ.

ಹಾಗಾಗಿ ಉಳಿದದ್ದು ಸರಳ ದಾರಿ. ಡೆಕ್ಕಿನ ಮೇಲೆ ಒಂದು ಕೋಣೆ, ಅದರ ಅಡಿಯಲ್ಲಿ ಒಂದು ಟ್ಯಾಂಕು, ಟ್ಯಾಂಕಿನಿಂದ ಹೊರಗೆ ಒಂದು ಪೈಪು, ಪೈಪಿಗೊಂದು ವಾಲ್ವ್. ದಡದ ಹತ್ತಿರ ವಾಲ್ವ್ ಮುಚ್ಚಿರುತ್ತದೆ, ದೂರ ಹೋದ ಮೇಲೆ ತೆರೆಯುತ್ತದೆ.

ಜಾಗ

ಹೆಚ್ಚು ತಲೆ ಕೆಡಿಸಿಕೊಂಡದ್ದು ಜಾಗದ ಬಗ್ಗೆ. ಹಿಂಬದಿಯೇ ರೂಢಿಯ ಜಾಗ, ಆದರೆ ಅಲ್ಲಿ ಬಲೆ ಎಳೆಯುವ ವೈರ್ ರೋಪ್ ಓಡುತ್ತದೆ, ಗ್ಯಾಲೋಸ್ ಎಂಬ ಉಕ್ಕಿನ ಚೌಕಟ್ಟಿನಿಂದ ಬಲೆಯ ಬಾಯಿ ಅಗಲಿಸುವ ಭಾರದ ಬೋರ್ಡ್‌ಗಳು ನೇತಾಡುತ್ತವೆ. ರೋಪ್ ಸುತ್ತುವ ವಿಂಚ್ ತಿರುಗುವಾಗ ಅಲ್ಲಿ ಬಾಗಿಲು ತೆರೆದು ಹೊರಬರುವವನ ತಲೆ ಉಳಿಯುವುದಿಲ್ಲ. ಮುಂಬದಿಯಲ್ಲಿ ಏಳುಬೀಳು ಜಾಸ್ತಿ, ಅಲೆ ನೇರವಾಗಿ ಬಡಿಯುತ್ತದೆ. ವೀಲ್‌ಹೌಸಿನ, ಅಂದರೆ ಬೋಟು ನಡೆಸುವ ಕೋಣೆಯ, ಹಿಂದೆ ಬಲಗಡೆ ಅಡುಗೆ. ಉಳಿದದ್ದು ಎಡಗಡೆಯ ಮೂಲೆ, ಅಂದರೆ ಬಿಡಿ ಬೋರ್ಡ್ ಮತ್ತು ಹರಿದ ಬಲೆ ಬಿದ್ದಿರುತ್ತಿದ್ದ ಜಾಗ. ಮಲಗುವಲ್ಲಿಂದ ಅಲ್ಲಿಗೆ ವೀಲ್‌ಹೌಸಿನ ಗೋಡೆ ಹಿಡಿದುಕೊಂಡೇ ಹೋಗಬಹುದು, ಅಂಚಿನ ಬಳಿ ಸುಳಿಯಬೇಕಿಲ್ಲ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮುಖ್ಯವಾದದ್ದು ಇದೇ. ಪ್ಯಾನ್ ಯಾವ ಕಂಪನಿಯದು ಎಂದು ಕೇಳುವವರು ಬಹಳ, ಕತ್ತಲಲ್ಲಿ ಅಲ್ಲಿಯವರೆಗೆ ನಡೆಯುವುದು ಹೇಗೆ ಎಂದು ಕೇಳುವವರು ಕಡಿಮೆ. ದಾರಿಯುದ್ದಕ್ಕೂ ಸೊಂಟದೆತ್ತರಕ್ಕೆ ಒಂದಿಂಚಿನ ಪೈಪಿನ ಹಿಡಿಕೆ ವೆಲ್ಡ್ ಮಾಡಿದ ಮೇಲೆಯೇ ಕೋಣೆಯ ಅಳತೆಗೆ ಟೇಪ್ ಹಿಡಿದೆ.

ಕೋಣೆಯ ಒಳ ಅಳತೆ 75 ಸೆಂ.ಮೀ. ಅಗಲ, 110 ಸೆಂ.ಮೀ. ಉದ್ದ. "ಇಷ್ಟು ಇಕ್ಕಟ್ಟು ಯಾಕೆ?" ಎಂದು ಯಾರ್ಡ್‌ನಲ್ಲಿ ಕೇಳದವರಿಲ್ಲ. ಇಕ್ಕಟ್ಟೇ ಬೇಕು. ಬೋಟು ಹೊರಳಿದಾಗ ಕುಳಿತವನ ಭುಜ ಎರಡೂ ಗೋಡೆಗೆ ತಾಗಿ ನಿಲ್ಲಬೇಕು. ಇದೇ ಕಾರಣಕ್ಕೆ ಪ್ಯಾನನ್ನು ಬೋಟಿನ ಉದ್ದಕ್ಕೆ ಕೂರಿಸಿದ್ದೇನೆ, ಅಡ್ಡಕ್ಕಲ್ಲ. ಬೋಟು ಹೊರಳುವುದು ಎಡಕ್ಕೆ, ಬಲಕ್ಕೆ. ಉದ್ದಕ್ಕೆ ಮುಖ ಮಾಡಿ ಕುಳಿತರೆ ಗೋಡೆ ಆಧಾರ ಕೊಡುತ್ತದೆ. ಅಡ್ಡಕ್ಕೆ ಕುಳಿತರೆ ಪ್ರತಿ ಅಲೆಗೂ ಬೆನ್ನ ಮೇಲೆ ಮಗುಚಬೇಕು, ಇಲ್ಲವೇ ಮುಗ್ಗರಿಸಬೇಕು.

ತೂಕದ ಲೆಕ್ಕವೂ ಇದೆ. ಟ್ಯಾಂಕ್ ತುಂಬಿದಾಗ ಎಲ್ಲ ಸೇರಿ 300 ಕಿಲೋ ಸುಮಾರಿಗೆ ಒಂದೇ ಬದಿಗೆ ಬೀಳುತ್ತದೆ. ಎಡಗಡೆ ಇದ್ದ ಬಿಡಿ ಬೋರ್ಡ್‌ಗಳನ್ನು ಬಲಗಡೆಗೆ ಸಾಗಿಸಿ ಕಟ್ಟಿದೆವು. ಟ್ಯಾಂಕನ್ನು ಮಾಡಿನ ಮೇಲಿಡುವ ಸಲಹೆಯೂ ಬಂದಿತ್ತು, ಜಾಗ ಉಳಿಯುತ್ತದಂತೆ. ಮೇಲೆ ನೀರು ತುಯ್ಯುವ ಟ್ಯಾಂಕಿಟ್ಟರೆ ಬೋಟು ಹೊರಳಿದಾಗ ತಿರುಗಿ ನೆಟ್ಟಗಾಗಲು ತಡ ಮಾಡುತ್ತದೆ.

ವೆಲ್ಡಿಂಗ್ ಮತ್ತು ಗೋಡೆ

ಬೆಂಕಿ ಹಚ್ಚುವ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಫಿಶ್ ಫೈಂಡರ್, ಜಿಪಿಎಸ್, ವಯರ್‌ಲೆಸ್ ಎಲ್ಲದರ ಪ್ಲಗ್ ಎಳೆದಿಟ್ಟೆ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ದೂರ ಎಲ್ಲೋ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕವೋ ಗೇರ್‌ಬಾಕ್ಸ್ ಮೂಲಕವೋ ದಾರಿ ಹುಡುಕುತ್ತದೆ. ಡೆಕ್ಕಿನ ಅಡಿಯಲ್ಲಿ ಡೀಸೆಲ್ ಟ್ಯಾಂಕ್ ಇಲ್ಲವೆಂದು ಕೆಳಗಿಳಿದು ನೋಡಿ ಬಂದೆ, ಕೆಳಗೆ ಬಕೆಟ್ ನೀರಿನೊಂದಿಗೆ ಒಬ್ಬನನ್ನು ನಿಲ್ಲಿಸಿದೆ.

ಚೌಕಟ್ಟು 40 ಮಿ.ಮೀ. ಆಂಗಲ್, 5 ಮಿ.ಮೀ. ದಪ್ಪ. ಗೋಡೆಗೂ ಉಕ್ಕಿನ ತಗಡು ಹಾಕಬಹುದಿತ್ತು, ಆದರೆ ಮೂತ್ರ ಮತ್ತು ಉಪ್ಪುನೀರು ಎರಡೂ ಸೇರಿದಲ್ಲಿ ತಗಡು ಎರಡು ಮಳೆಗಾಲ ಬಾಳುವುದಿಲ್ಲ. 12 ಮಿ.ಮೀ. ಮರೈನ್ ಪ್ಲೈವುಡ್ಡಿಗೆ ಎರಡೂ ಮುಖಕ್ಕೆ ಎರಡು ಪದರ ಫೈಬರ್ ಮ್ಯಾಟನ್ನು ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ಅಂಟುದ್ರವದಲ್ಲಿ ಹಚ್ಚಿದೆವು. ಜೂನ್ ತಿಂಗಳ ಮಲ್ಪೆಯಲ್ಲಿ ರೆಸಿನ್ ಕೆಲಸವೆಂದರೆ ತಾಳ್ಮೆಯ ಪರೀಕ್ಷೆ. ಪ್ಲೈವುಡ್ ಗಾಳಿಯಲ್ಲಿರುವ ತೇವವನ್ನೆಲ್ಲ ಕುಡಿದಿರುತ್ತದೆ, ಅದರ ಮೇಲೆ ಹಚ್ಚಿದ ಫೈಬರ್ ಆಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಟಾರ್ಪಾಲ್ ಕಟ್ಟಿ, ಒಳಗೆ ಹ್ಯಾಲೊಜೆನ್ ದೀಪ ಉರಿಸಿ, ಹಲಗೆ ಕೈಗೆ ಬೆಚ್ಚಗಾದ ಮೇಲೆಯೇ ರೆಸಿನ್ ಮುಟ್ಟಿದ್ದು.

ಹೊಸಬರಿಗೆ ಒಂದು ಎಚ್ಚರಿಕೆ. ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತಿರುವ ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಭಗ್ಗೆಂದು ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಕಿ, ಹಚ್ಚುವ ಹೊತ್ತಿಗೆ ಹಾರ್ಡನರ್ ಸೇರಿಸಬೇಕು. ಅಳತೆಗೆ ಬೇರೆ ಬೇರೆ ಮುಚ್ಚಳ ಇಟ್ಟುಕೊಳ್ಳಬೇಕು. ಕೋಬಾಲ್ಟ್ ಸೇರಿಸಿಯೇ ಬರುವ ರೆಸಿನ್ ಸಿಕ್ಕಿದರೆ ಅದನ್ನೇ ತರುವುದು ಒಳ್ಳೆಯದು.

ಬಾಗಿಲು ಬೋಟಿನ ಮಧ್ಯದ ಕಡೆಗಿದೆ, ಹೊರಕ್ಕೆ ತೆರೆಯುತ್ತದೆ. ಒಳಗೆ ಒಬ್ಬ ತಲೆಸುತ್ತಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವನ ಮೈಯೇ ತಡೆಯುತ್ತದೆ. ಚಿಲಕಕ್ಕೆ ಹೊರಗಿನಿಂದ ಚಾಕುವಿನ ತುದಿ ಹಾಕಿ ತಿರುಗಿಸುವಂತೆ ಸೀಳು ಬಿಟ್ಟಿದ್ದೇನೆ. ಒಳಗೆ ಹಿಡಿಕೆ ಮೂರು: ಎರಡೂ ಪಕ್ಕದಲ್ಲಿ ಕುಳಿತವನ ಮೊಣಕೈ ಮಟ್ಟಕ್ಕೆ ಒಂದೊಂದು ಅಡ್ಡ ಪೈಪು, ಎದುರಿಗೆ ನೆಲದಿಂದ ಎದೆಯೆತ್ತರದವರೆಗೆ ಒಂದು ನೇರ ಪೈಪು. ಏಳುವಾಗ ಬೇಕಾಗುವುದು ಎದುರಿನದೇ. ಹುಡುಗರು ಬೀಡಿ ಕಂಪನಿಯ ಕ್ಯಾಲೆಂಡರ್ ತೂಗುಹಾಕಿರುವುದೂ ಅದಕ್ಕೇ.

ಟ್ಯಾಂಕ್, ಪ್ಯಾನ್, ಮುಚ್ಚಳ

ಟ್ಯಾಂಕಿಗೆ ಉಕ್ಕು ಬೇಡ. 10 ಮಿ.ಮೀ. ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯಲ್ಲಿ, ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕದ ತೊಟ್ಟಿ ಮಾಡುವವರ ಬಳಿ ಬಿಸಿಗಾಳಿಯ ವೆಲ್ಡಿಂಗ್ ಮಾಡಿಸಿದೆ. ಹೊರ ಅಳತೆ 70, 105, 25 ಸೆಂ.ಮೀ. ಒಳಗೆ 160 ಲೀಟರ್ ಹಿಡಿಯುತ್ತದೆ, ನಾವು 120 ದಾಟಿಸುವುದಿಲ್ಲ. ಲೆಕ್ಕ ಇಷ್ಟು: ಎರಡಕ್ಕೆ ಹೋದಾಗ ತಲಾ ಮೂರು ಲೀಟರ್ ನೀರು, ಅಂದರೆ ದಿನಕ್ಕೆ 27, ಒಂದಕ್ಕೆ ಹೋದಾಗ ಅರ್ಧ ಲೀಟರ್, ನಾಲ್ಕು ಸಲಕ್ಕೆ ಒಂಬತ್ತು ಜನರಿಂದ 18, ಮಲಮೂತ್ರ ಸೇರಿ ತಲಾ ಒಂದೂವರೆ ಲೀಟರಿಗೆ ಸ್ವಲ್ಪ ಮೇಲೆ. ಒಟ್ಟು 60 ಲೀಟರ್. ದಕ್ಕೆಯಲ್ಲಿ ಮೀನು ಇಳಿಸಲು ಸರದಿ ಕಾಯುವ ಎರಡು ದಿನಕ್ಕೆ ಸಾಕು. ಒಳಗೆ ನಡುವೆ ಒಂದು ಅಡ್ಡ ಹಾಳೆ ಇದೆ, ಮೇಲೂ ಕೆಳಗೂ ಕಿಂಡಿ ಬಿಟ್ಟು. ಅದಿಲ್ಲದಿದ್ದರೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ ಗೋಡೆಗೆ ಗುದ್ದುತ್ತದೆ. ತಳ ಹೊರಪೈಪಿನ ಕಡೆಗೆ ಮೂರು ಸೆಂ.ಮೀ. ಇಳಿಜಾರು. ಎಷ್ಟು ತುಂಬಿದೆ ಎಂದು ನೋಡಲು ಪ್ಲಾಸ್ಟಿಕ್ ಚೆಂಡಿಗೆ ಸರಳು ಸಿಕ್ಕಿಸಿ ಮೇಲೆ ತೂರಿಸಿದ್ದೇನೆ. ಸರಳಿನ ಕೆಂಪು ಗುರುತು ಕಂಡರೆ ಟ್ಯಾಂಕ್ ತುಂಬಿತು.

ಪ್ಯಾನ್ ಪಿಂಗಾಣಿಯದು ಬೇಡವೆಂದದ್ದು ಎಂಜಿನ್ ನಡುಕದಿಂದಾಗಿ. ಉಕ್ಕಿನ ಚೌಕಟ್ಟಿನ ಮೇಲೆ ಬಿಗಿದ ಪಿಂಗಾಣಿ ಬೋಲ್ಟಿನ ಸುತ್ತ ಬಿರಿಯುತ್ತದೆ. ಸ್ಟೀಲಿನದೇ ತಂದೆ, 316 ದರ್ಜೆಯದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 304ಕ್ಕೆ ಉಪ್ಪುನೀರಿನಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸುತ್ತಾರೆ. ಅಯಸ್ಕಾಂತ ಸಾಮಾನ್ಯವಾಗಿ ಎರಡಕ್ಕೂ ಅಂಟುವುದಿಲ್ಲ, ಅದರಿಂದ ಏನೂ ತಿಳಿಯದು. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಬೇಕು.

ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ಭಾಗ ಪ್ಯಾನಿನ ಅಡಿಯ ಮುಚ್ಚಳ. ಮನೆಯ ಕಕ್ಕಸಿನಲ್ಲಿ ಬಾಗಿದ ಕೊಳವೆಯೊಳಗೆ ನೀರು ನಿಂತು ವಾಸನೆ ತಡೆಯುತ್ತದೆ. ಆ ನೀರಿನ ಆಳ ಸುಮಾರು ಐದು ಸೆಂ.ಮೀ. ಬೋಟು ಎರಡು ಸಲ ಜೋರಾಗಿ ಹೊರಳಿದರೆ ಅದು ಟ್ಯಾಂಕಿಗೆ ಚೆಲ್ಲಿ ಹೋಗಿ, ವಾಸನೆಗೆ ಬಾಗಿಲು ತೆರೆದಂತಾಗುತ್ತದೆ. ಅದರ ಬದಲು ಕಾಲಿನಿಂದ ಒತ್ತಿ ತೆರೆಯುವ ಮುಚ್ಚಳ ಮಾಡಿದೆ. ನಾಲ್ಕಿಂಚಿನ ಕೊಳವೆಯ ಕೆಳತುದಿಯನ್ನು ತುಸು ಓರೆಯಾಗಿ ಕತ್ತರಿಸಿ, ಅದಕ್ಕೆ 3 ಮಿ.ಮೀ. ಸ್ಟೀಲಿನ ದುಂಡು ತಟ್ಟೆ, ತಟ್ಟೆಯ ಮೇಲೆ 6 ಮಿ.ಮೀ. ನಿಯೋಪ್ರೀನ್ ರಬ್ಬರ್. ರಬ್ಬರನ್ನು ಅಂಟಿನ ಮೇಲೆ ನಂಬಿ ಬಿಡದೆ ಮೇಲೊಂದು ಬಳೆ ಇಟ್ಟು ಬೋಲ್ಟ್ ಬಿಗಿದಿದ್ದೇನೆ. ತಟ್ಟೆ ತಿರುಗುವ 12 ಮಿ.ಮೀ. ಸರಳು ನೈಲಾನ್ ಬುಷ್‌ಗಳ ಮೂಲಕ ಹೊರಬಂದು ಪೆಡಲಿಗೆ ಸೇರುತ್ತದೆ.

ಮುಚ್ಚಳವನ್ನು ಮೇಲಕ್ಕೆ ಒತ್ತಿ ಹಿಡಿಯಲು ಭಾರ ಕಟ್ಟುವುದೋ ಸ್ಪ್ರಿಂಗ್ ಹಾಕುವುದೋ ಎಂಬ ಚರ್ಚೆ ಎರಡು ಚಹಾದಷ್ಟು ನಡೆಯಿತು. ಭಾರ ಸರಳ, ಕೆಡುವುದಿಲ್ಲ. ಆದರೆ ಬೋಟು ಅಲೆಯ ತುದಿಯಿಂದ ಕೆಳಗಿಳಿಯುವಾಗ ಭಾರಕ್ಕೆ ಭಾರವೇ ಇರುವುದಿಲ್ಲ, ಮುಂದಿನ ಅಲೆ ಎತ್ತುವಾಗ ಎರಡರಷ್ಟಾಗುತ್ತದೆ, ಮುಚ್ಚಳ ಟಪ್ ಟಪ್ ಎಂದು ಬಡಿದುಕೊಳ್ಳುತ್ತದೆ. ಸ್ಪ್ರಿಂಗಿಗೆ ಅಲೆಯ ಹಂಗಿಲ್ಲ. ಮುಚ್ಚಳದ ಮೇಲೆ ಅರ್ಧ ಲೀಟರಿನಷ್ಟು ನೀರು ಯಾವಾಗಲೂ ನಿಲ್ಲಬೇಕು, ಅಂದರೆ ಅರ್ಧ ಕಿಲೋ. ಅದರ ಮೂರರಷ್ಟು ಎಳೆತವಿರುವ ಸ್ಟೀಲ್ ಸ್ಪ್ರಿಂಗ್ ಹಾಕಿದೆ. ಪೆಡಲ್ ಬಿಟ್ಟ ಕೂಡಲೇ ರಬ್ಬರ್ ಕೊಳವೆಗೆ ಕಚ್ಚಿಕೊಳ್ಳುತ್ತದೆ, ಮೇಲೆ ಚೊಂಬು ನೀರು ಹಾಕಿದರೆ ಗಾಳಿಯೂ ನುಸುಳುವುದಿಲ್ಲ. ಯಾರ್ಡ್‌ನಲ್ಲಿ ರಾತ್ರಿ ನೀರು ತುಂಬಿಸಿಟ್ಟು ಬೆಳಗ್ಗೆ ನೋಡಿದಾಗ ಮಟ್ಟ ಇಳಿದಿರಲಿಲ್ಲ.

ಟ್ಯಾಂಕಿನ ಮೇಲೆ ಈ ಮುಚ್ಚಳದ ಪೆಟ್ಟಿಗೆ, ಅದರ ಮೇಲೆ ಪ್ಯಾನ್, ಹೀಗಾಗಿ ಒಳನೆಲ ಡೆಕ್ಕಿನಿಂದ 42 ಸೆಂ.ಮೀ. ಎತ್ತರವಾಯಿತು. ಹೊರಗೆ ಗೀರುತಗಡಿನ ಒಂದು ಮೆಟ್ಟಿಲು ಕೊಟ್ಟೆ. ಎತ್ತರದಿಂದ ಒಂದು ಉಪಕಾರವೂ ಆಯಿತು, ಡೆಕ್ ತೊಳೆದ ನೀರು ಒಳಗೆ ಬರುವುದಿಲ್ಲ.

ಹೊರಪೈಪು, ಗಾಳಿಪೈಪು

ಟ್ಯಾಂಕ್ ಡೆಕ್ಕಿನ ಮೇಲೆಯೇ ಇರುವುದರಿಂದ ಬೋಟಿನ ತಳಕ್ಕೆ ಒಂದೂ ತೂತು ಕೊರೆಯಬೇಕಾಗಲಿಲ್ಲ. ಡೆಕ್ಕಿಗಿಂತ ಮೇಲೆ, ಅಂಚಿನ ತಡೆಗೋಡೆಯ ಬುಡದಲ್ಲಿ ಮೂರಿಂಚಿನ ಪೈಪು ಹೊರಬಂದು ಕೆಳಮುಖವಾಗಿ ಬಾಗುತ್ತದೆ. ಇದು ಎಂಜಿನ್ ತಂಪಿಗೆ ಮತ್ತು ಡೆಕ್ ತೊಳೆಯಲು ನೀರೆಳೆಯುವ ಬಾಯಿಗಿಂತ ಹಿಂದೆ ಇರಲೇಬೇಕು. ಮುಂದಿದ್ದರೆ ಹೊರಹಾಕಿದ್ದನ್ನೇ ಮತ್ತೆ ಒಳಗೆಳೆದು ಮೀನು ತೊಳೆದಂತಾಗುತ್ತದೆ.

ವಾಲ್ವ್ ಯಾವಾಗ ತೆರೆಯಬೇಕು? ದೊಡ್ಡ ಹಡಗುಗಳಿಗೆ, ಸಮುದ್ರ ಮಲಿನವಾಗುವುದನ್ನು ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧ ಒಂದು ನಿಯಮ ಕೊಟ್ಟಿದೆ: ಸಂಸ್ಕರಿಸದ ಮಲಿನವನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ, ಕನಿಷ್ಠ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ವೇಗದಲ್ಲಿ ಸಾಗುತ್ತಿರುವಾಗ, ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಆ ನಿಯಮ ದೇಶದಿಂದ ದೇಶಕ್ಕೆ ಸಾಗುವ, 400 ಗ್ರಾಸ್ ಟನ್ನೇಜ್ ಅಥವಾ ಅದಕ್ಕಿಂತ ದೊಡ್ಡ, ಇಲ್ಲವೇ 15ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಹಡಗುಗಳಿಗೆ, ನಮ್ಮಂಥವರಿಗಲ್ಲ. ಆದರೂ ಅದನ್ನೇ ಇಟ್ಟುಕೊಂಡೆವು. 12 ನಾಟಿಕಲ್ ಮೈಲಿ ಎಂದರೆ 22 ಕಿ.ಮೀ., ಎಂಟು ನಾಟ್‌ನಲ್ಲಿ ಒಂದೂವರೆ ಗಂಟೆ. ಸೈಂಟ್ ಮೇರೀಸ್ ದ್ವೀಪ ದಾಟಿದ ಕೂಡಲೇ ದೂರ ಬಂದೆವು ಎನಿಸುತ್ತದೆ, ಅಲ್ಲಿ ಇನ್ನೂ ಮೂರರಲ್ಲೊಂದು ಪಾಲೂ ಸಾಗಿರುವುದಿಲ್ಲ. ಅದರ ಒಳಗೆಲ್ಲ ನಾಡದೋಣಿಯವರು ಬಲೆ ಬಿಡುತ್ತಾರೆ. ಅಳಿವೆಯಲ್ಲಿ ಚಿಪ್ಪುಮೀನು ಹೆಕ್ಕುವವರಿದ್ದಾರೆ. ಚಿಪ್ಪುಮೀನು ನೀರನ್ನು ಸೋಸಿ ತಿನ್ನುವ ಜೀವಿ, ನೀರಿನಲ್ಲಿರುವ ರೋಗಾಣುಗಳನ್ನು ತನ್ನೊಳಗೇ ಕೂಡಿಟ್ಟುಕೊಳ್ಳುತ್ತದೆ. ಒಳಬರುವಾಗಲೂ ಅದೇ ಗೆರೆಯಲ್ಲಿ ಟ್ಯಾಂಕ್ ಖಾಲಿ ಮಾಡಿ, ಎರಡು ಬಕೆಟ್ ನೀರು ಹೊಯ್ದು, ವಾಲ್ವಿನ ಹಿಡಿಗೆ ತಂತಿ ಸುತ್ತುತ್ತೇವೆ. ಜಿಪಿಎಸ್‌ನಲ್ಲಿ ಆ ಗೆರೆಯನ್ನು ತಾಂಡೇಲರೇ ಗುರುತು ಹಾಕಿಕೊಂಡಿದ್ದಾರೆ. ಗುರುತಿಗೆ ಅವರಿಟ್ಟ ಹೆಸರನ್ನು ಇಲ್ಲಿ ಬರೆಯಲಾಗದು.

ವಾಸನೆಗೆ ಮದ್ದು ಫಿನೈಲ್ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಮದ್ದು ಗಾಳಿ. ಟ್ಯಾಂಕಿನೊಳಗೆ ಗಾಳಿಯಾಡಿದಷ್ಟೂ ಕೊಳೆತ ಮೊಟ್ಟೆಯ ವಾಸನೆ ಹುಟ್ಟುವುದು ಕಡಿಮೆ. ಅದಕ್ಕೆ ಒಂದಲ್ಲ, ಎರಡು ಪೈಪು, ಎರಡಿಂಚಿನವು. ಒಂದು ಟ್ಯಾಂಕಿನ ಮುಂತುದಿಯಿಂದ, ಇನ್ನೊಂದು ಹಿಂತುದಿಯಿಂದ, ಎರಡೂ ವೀಲ್‌ಹೌಸಿನ ಮಾಡಿಗಿಂತ ಮೇಲಕ್ಕೆ. ಮುಂದಿನದರ ಬಾಯಿ ಗಾಳಿಗೆ ಎದುರು, ಹಿಂದಿನದರ ಬಾಯಿ ಗಾಳಿಗೆ ಬೆನ್ನು. ಬೋಟು ಓಡಿದಂತೆ ಗಾಳಿ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏಳುತ್ತದೆ. ಬಾಯಿಗಳಿಗೆ ನೈಲಾನ್ ಬಲೆಯ ತುಂಡು ಕಟ್ಟಿದ್ದೇವೆ. ಬಲೆಗೆ ನಮ್ಮಲ್ಲಿ ಬರವೇ? ಟ್ಯಾಂಕಿನ ಅನಿಲದಲ್ಲಿ ಮೀಥೇನ್ ಇರುವುದರಿಂದ ಪೈಪಿನ ಬಾಯಿ ಅಡುಗೆಯ ಕಿಟಕಿಯಿಂದ ದೂರವಿರಬೇಕು. ಟ್ಯಾಂಕ್ ಬಿಚ್ಚುವಾಗ ಬೀಡಿ ಆರಿಸಬೇಕು, ತಲೆ ಒಳಗೆ ಹಾಕಬಾರದು.

ನೀರಿಗೆ ಡೆಕ್ ತೊಳೆಯುವ ಪಂಪಿನಿಂದ ಒಂದು ಕವಲು, ಎಂಜಿನ್ ನಿಂತಾಗ ಬಕೆಟ್. ಕೈ ತೊಳೆಯಲು ಮಾತ್ರ 20 ಲೀಟರಿನ ಸಿಹಿನೀರಿನ ಕ್ಯಾನು, ನಲ್ಲಿ, ಸೋಪು. ಉಪ್ಪುನೀರಿನಲ್ಲೇ ತೊಳೆದುಕೊಂಡು ಒದ್ದೆ ಚಡ್ಡಿಯಲ್ಲಿ ಓಡಾಡಿದರೆ ತೊಡೆಸಂದಿ ಕೆರೆದು ಹುಣ್ಣಾಗುತ್ತದೆ. ಹಾಗಾಗಿ ಕೊನೆಗೊಂದು ಚೊಂಬು ಸಿಹಿನೀರಿಗೆ ಅಡುಗೆಯವನು ಒಪ್ಪಿದ್ದಾನೆ. ದೀಪ ಕೆಂಪು ಎಲ್‌ಇಡಿ. ಬಿಳಿ ದೀಪವಾದರೆ ಬಾಗಿಲು ತೆರೆದಾಗಲೆಲ್ಲ ತಾಂಡೇಲರ ಕಣ್ಣಿಗೆ ಹೊಡೆದು ಎದುರಿನ ಕತ್ತಲು ಕಾಣದಂತಾಗುತ್ತದೆ.

ನಿಯಮದ ಹಲಗೆಯನ್ನು ಅಕ್ಷರದಲ್ಲಿ ಬರೆಸಲಿಲ್ಲ. ಕನ್ನಡ, ತುಳು, ಒಡಿಯಾ, ತೆಲುಗು ಮಾತಾಡುವ ಒಂಬತ್ತು ಜನಕ್ಕೆ ಯಾವ ಲಿಪಿ? ಗುಟ್ಕಾ ಚೀಟಿ, ಬೀಡಿ, ಶಾಂಪೂ ಪೊಟ್ಟಣಗಳ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದೇವೆ, ಕೆಳಗೆ ಅವನ್ನು ಹಾಕಲು ಒಂದು ಡಬ್ಬ.

ಆಗಸ್ಟ್ ನಂತರ

ನಿಷೇಧ ಮುಗಿದು ಇಳಿಯುವಾಗ ಕಡಲು ಇನ್ನೂ ಒರಟಾಗಿರುತ್ತದೆ, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮುಚ್ಚಳ ಬಡಿಯಲಿಲ್ಲ, ಟ್ಯಾಂಕ್ ಗುದ್ದಲಿಲ್ಲ. ಹುಡುಗರು ಕೇಳಿ ಹಾಕಿಸಿಕೊಂಡದ್ದು ಎರಡು: ಬಟ್ಟೆ ಸಿಕ್ಕಿಸಲು ಬಾಗಿಲ ಹಿಂದೆ ಮೊಳೆ, ಪಾದದ ಅಡಿಗೆ ಒರಟು. ಫೈಬರ್ ನೆಲಕ್ಕೆ ರೆಸಿನ್ ಬಳಿದು ಮರಳು ಎರಚಿದೆವು. ಹೊನ್ನಾವರದ ಹಿರಿಯ ಕಲಾಸಿಯೊಬ್ಬರು ಮಾತ್ರ ಕೆಲವು ದಿನ ಹಿಂಬದಿಗೇ ಹೋಗುತ್ತಿದ್ದರು, ಮುಚ್ಚಿದ ಜಾಗದಲ್ಲಿ ಆಗುವುದಿಲ್ಲವಂತೆ. ಜಡಿಮಳೆಯ ಒಂದು ರಾತ್ರಿ ಆ ತೊಂದರೆ ತಾನಾಗಿಯೇ ವಾಸಿಯಾಯಿತು.

ನಿರ್ವಹಣೆಗೆ ಬೇಕಾದದ್ದು ಕಡಿಮೆ. ಮೂತ್ರ ಮತ್ತು ಸಮುದ್ರದ ನೀರು ಸೇರಿ ಕೊಳವೆಯ ಒಳಮೈಗೆ ಸುಣ್ಣದಂಥ ಗಟ್ಟಿ ಪದರ ಕಟ್ಟುತ್ತದೆ. ಪ್ರತಿ ಸಲ ದಡಕ್ಕೆ ಬಂದಾಗ ಒಂದು ಬಾಟಲಿ ವಿನೆಗರ್ ಹೊಯ್ದು ರಾತ್ರಿಯಿಡೀ ಬಿಟ್ಟರೆ ಅದು ಮೆತ್ತಗಾಗಿ ಬರುತ್ತದೆ. ಟೈಲ್ಸ್ ತೊಳೆಯುವ ಆಸಿಡ್ ಹಾಕಿದರೆ ಬೇಗ ಹೋಗುತ್ತದೆ ನಿಜ, ಜೊತೆಗೆ ಸ್ಟೀಲೂ ಹೋಗುತ್ತದೆ. ಆ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿದರೆ ಏಳುವ ಕ್ಲೋರಿನ್ ಹೊಗೆ ಅಷ್ಟು ಚಿಕ್ಕ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಮುಚ್ಚಳದ ಸರಳಿಗೆ ಗ್ರೀಸ್, ಗಾಳಿಪೈಪಿನ ಬಲೆಗೆ ಬ್ರಷ್, ಅಷ್ಟೇ.

ನಾಡದೋಣಿಯವರು ಕೇಳಿದರೆ ಇದರಲ್ಲಿ ಯಾವುದೂ ಅವರಿಗೆ ಹೊಂದುವುದಿಲ್ಲ. ಅಲ್ಲಿ ಮುಖ್ಯವಾದದ್ದು ಎದ್ದು ನಿಲ್ಲದಿರುವುದು. ಅಂಚಿನಲ್ಲಿ ನಿಂತು ಒಂದಕ್ಕೆ ಹೋಗುವವನ ತೂಕ ಒಂದೇ ಬದಿಗೆ ಬೀಳುತ್ತದೆ, ಒಂದು ಅಡ್ಡ ಅಲೆ ಸಾಕು. ಅಗಲ ಬಾಯಿಯ, ಮುಚ್ಚಳವಿರುವ ಡಬ್ಬಿಯನ್ನು ದೋಣಿಯ ನಡುವೆ ಇಟ್ಟುಕೊಂಡು ಮಂಡಿಯೂರಿ ಮುಗಿಸುವುದು ಒಳ್ಳೆಯದು. ಎರಡಕ್ಕೆ ಖಾಲಿ ಪೇಂಟ್ ಬಕೆಟ್, ಒಳಗೆ ಚೀಲ, ಮೇಲೆ ಹಾಕಲು ಎರಡು ಸೇರು ಮರದ ಹೊಟ್ಟು. ಗಾಳ ಹಾಕಲು ಬರುವ ಅತಿಥಿಗಳನ್ನು ಕರೆದೊಯ್ಯುವವರು ಇದರ ಸುತ್ತ ಕಟ್ಟಲು ಒಂದು ಲುಂಗಿಯಷ್ಟು ಬಟ್ಟೆಯನ್ನೂ ಇಟ್ಟುಕೊಂಡರೆ ಹೆಂಗಸರೂ ನೆಮ್ಮದಿಯಾಗಿ ಬರುತ್ತಾರೆ.

ಮರದ ಬೋಟಿನವರೊಬ್ಬರು ಬಂದು ಅಳತೆ ಬರೆದುಕೊಂಡು ಹೋದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ವೆಲ್ಡಿಂಗ್ ಆಗುವುದಿಲ್ಲವಾದ್ದರಿಂದ ಚೌಕಟ್ಟಿನ ಕಾಲಿಗೆ ಅಗಲವಾದ ಪ್ಲೇಟು ಕೊಟ್ಟು ಡೆಕ್ಕಿನ ಹಲಗೆಯ ಮೂಲಕ ಬೋಲ್ಟ್ ಹಾಕಬೇಕು, ಅಡಿಯಲ್ಲೂ ಅಷ್ಟೇ ಅಗಲದ ಪ್ಲೇಟು ಬೇಕು. ಸ್ಕ್ರೂ ಮಾತ್ರ ಹಾಕಿದರೆ ನಡುಕಕ್ಕೆ ಕಿತ್ತು ಬರುತ್ತದೆ. ಬೋಲ್ಟಿನ ತೂತನ್ನು ಒಂದು ಸುತ್ತು ದೊಡ್ಡದಾಗಿ ಕೊರೆದು ರೆಸಿನ್ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಬೋಲ್ಟಿನ ಅಳತೆಗೆ ಕೊರೆಯಬೇಕು. ಇಲ್ಲದಿದ್ದರೆ ಮೇಲೆ ತೊಳೆದ ನೀರು ಆ ತೂತಿನಲ್ಲೇ ಇಳಿದು, ಡೆಕ್ಕಿನ ಅಡಿಯ ಅಡ್ಡಮರ ಯಾರಿಗೂ ಕಾಣದಂತೆ ಕುಂಬಾಗುತ್ತದೆ.